ಹಿಟ್ಟಿನ ಕೋಳಿಯೂ ಸಕ್ಕರೆಯ ಧ್ವಜವೂ

ಆಗಸ್ಟ್ ತಿಂಗಳ ಮೊದಲ ವಾರ ಕಳೆಯುತ್ತಿದ್ದಂತೆ ಪಟ್ಟಣಗಳ ಬೇಕರಿಗಳ ಗಾಜಿನ ಕಪಾಟುಗಳಲ್ಲಿ ಕೇಸರಿ, ಬಿಳಿ, ಹಸಿರು ಬಣ್ಣಗಳ ಕೇಕುಗಳು ಕಾಣಿಸಿಕೊಳ್ಳತೊಡಗುತ್ತವೆ. ಒಂದು ತಲೆಮಾರಿನ ಹಿಂದೆ ಸ್ವಾತಂತ್ರ್ಯ ದಿನವೆಂದರೆ ಶಾಲೆಯ ಅಂಗಳದಲ್ಲಿ ಧ್ವಜವಂದನೆ, ಅನಂತರ ಮಕ್ಕಳ ಕೈಗೆ ಒಂದೆರಡು ಪೆಪ್ಪರಮಿಂಟು ಅಥವಾ ಒಂದು ಬೂಂದಿ ಲಾಡು. ಅಷ್ಟಕ್ಕೇ ಉತ್ಸವ ಮುಗಿಯುತ್ತಿತ್ತು. ಈಗ ಕೇಕು ಮಾಡುವ ಕಲೆಯನ್ನು ಮನೆಯಲ್ಲಿಯೇ ಅಭ್ಯಾಸ ಮಾಡಿದ ಗೃಹಿಣಿಯರ ಸಂಖ್ಯೆ ಹೆಚ್ಚಿದೆ. ಅವರಲ್ಲಿ ಕೆಲವರು ಕೇಕಿನ ಮೇಲೆ ಕೇವಲ ಮೂರು ಬಣ್ಣಗಳ ಕೆನೆ ಹಚ್ಚಿ ತೃಪ್ತರಾಗುವುದಿಲ್ಲ. ಅಲೆಅಲೆಯಾಗಿ ಮಡಿಕೆ ಬಿದ್ದ ರಾಷ್ಟ್ರಧ್ವಜವನ್ನೇ ಸಕ್ಕರೆಯಲ್ಲಿ ರಚಿಸಿ ಅದನ್ನು ಕೇಕಿನ ಮೇಲೆ ಹೊದಿಸುತ್ತಾರೆ.

ಇದು ಸುಲಭದ ಕೆಲಸವಲ್ಲ. ಫಾಂಡೆಂಟ್ ಎಂದು ಕರೆಯಲ್ಪಡುವ ವಸ್ತುವು ಪುಡಿ ಸಕ್ಕರೆ, ಗ್ಲೂಕೋಸಿನ ಪಾಕ, ಗ್ಲಿಸರಿನ್, ಸ್ವಲ್ಪ ಜಿಡ್ಡು ಮತ್ತು ಅಂಟು ಕೊಡುವ ಒಂದು ಪದಾರ್ಥ ಸೇರಿಸಿ ನಾದಿದ ಮೆತ್ತನೆಯ ಮುದ್ದೆ. ಹೋಳಿಗೆಯ ಕಣಕವನ್ನು ಬಲ್ಲವರಿಗೆ ಅದರ ಹದವನ್ನು ಬೇರೆ ವಿವರಿಸಬೇಕಾಗಿಲ್ಲ. ಮೂರು ಬಣ್ಣಗಳ ಮುದ್ದೆಗಳನ್ನು ಲಟ್ಟಣಿಗೆಯಿಂದ ಎರಡು ಮೂರು ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ, ಸಮಾನ ಅಗಲದ ಪಟ್ಟಿಗಳಾಗಿ ಕತ್ತರಿಸಿ, ಅಂಚಿಗೆ ನೀರು ಸವರಿ ಕೂಡಿಸಬೇಕು. ಧ್ವಜದ ಉದ್ದ ಅಗಲಗಳು 3:2ರ ಪ್ರಮಾಣದಲ್ಲಿರಬೇಕು. ನಡುವಿನ ಬಿಳಿಯ ಪಟ್ಟಿಯಲ್ಲಿ ಕಡುನೀಲಿಯ ಚಕ್ರ, ಅದರಲ್ಲಿ 24 ಅರೆಗಳು. ಆ ಬಳಿಕ ಕಾಗದದ ಸುರುಳಿಗಳನ್ನು ಅಡಿಗಿಟ್ಟು, ಆ ಹಾಳೆಯನ್ನು ಅವುಗಳ ಮೇಲೆ ಹಾಸಿ, ಗಾಳಿಗೆ ಅಲುಗಿದ ಬಟ್ಟೆಯ ಮಡಿಕೆಗಳು ಮೂಡುವಂತೆ ಮಾಡಿ, ಗಂಟೆಗಟ್ಟಲೆ ಒಣಗಲು ಬಿಡಬೇಕು. ಮಳೆಗಾಲದ ತೇವದಲ್ಲಿ ಅದು ಬೆವರುತ್ತದೆ, ಶೀತಕ ಪೆಟ್ಟಿಗೆಯಿಂದ ಹೊರತೆಗೆದಾಗ ನೀರೊಡೆಯುತ್ತದೆ. ಇಷ್ಟು ಶ್ರಮಪಟ್ಟು ಮಾಡಿದ ಧ್ವಜದ ಮೇಲೆ ಕೊನೆಗೆ ಚೂರಿಯಾಡುತ್ತದೆ, ಏಕೆಂದರೆ ಕೇಕು ಇರುವುದೇ ಕತ್ತರಿಸುವುದಕ್ಕಾಗಿ.

ಒಂದು ಬಸದಿಯ ಟ್ರಸ್ಟು ನಡೆಸುವ ಮಕ್ಕಳ ಪಾಠಶಾಲೆಯನ್ನು ಊಹಿಸಿಕೊಳ್ಳಬಹುದು. ಸ್ವಾತಂತ್ರ್ಯೋತ್ಸವದ ಬೆಳಿಗ್ಗೆ ಧ್ವಜಾರೋಹಣವಾಗಿದೆ. ಎರಡು ದಿನ ಕಷ್ಟಪಟ್ಟು ಇಂತಹ ಒಂದು ಕೇಕನ್ನು ತಯಾರಿಸಿ ತಂದ ಯುವ ಶ್ರಾವಿಕೆಯೊಬ್ಬಳು ಅದನ್ನು ಮೇಜಿನ ಮೇಲಿಟ್ಟಿದ್ದಾಳೆ. ಕತ್ತರಿಸಲು ಚಿಕ್ಕ ಮಗುವಿನ ಕೈಗೆ ಚೂರಿ ಕೊಡುವಷ್ಟರಲ್ಲಿ ಹಿರಿಯ ಟ್ರಸ್ಟಿಯೊಬ್ಬರು ಎದ್ದು ನಿಂತು, ಇದು ಧ್ವಜಕ್ಕೆ ಅಪಮಾನ, ನಿಲ್ಲಿಸಿ ಎನ್ನುತ್ತಾರೆ. ಇನ್ನೊಬ್ಬರು, ಸಕ್ಕರೆಗೆ ಎಲ್ಲಿಯ ಅಪಮಾನ ಎನ್ನುತ್ತಾರೆ. ಆ ಹೆಣ್ಣುಮಗಳ ಕಣ್ಣು ತುಂಬುತ್ತದೆ. ಮಕ್ಕಳು ಒಬ್ಬರ ಮುಖವನ್ನೊಬ್ಬರು ನೋಡುತ್ತಾರೆ. ಇಬ್ಬರು ಹಿರಿಯರಲ್ಲಿ ಯಾರ ಮಾತು ಸರಿ? ಪ್ರಶ್ನೆ ಚಿಕ್ಕದೆಂದು ತೋರಿದರೂ, ಜೈನಾಚಾರ್ಯರು ಶತಮಾನಗಳ ಕಾಲ ಚರ್ಚಿಸಿದ ಒಂದು ದೊಡ್ಡ ವಿಷಯದ ಒಳಗೇ ಅದು ಇದೆ.

ಮೊದಲು ಕಾನೂನಿನ ಮಾತು. ಇಂತಹದೇ ಒಂದು ಪ್ರಸಂಗ ನ್ಯಾಯಾಲಯದ ಮೆಟ್ಟಿಲೇರಿದ್ದುಂಟು. 2013ರ ಕ್ರಿಸ್ಮಸ್ ದಿನ ಕೊಯಮತ್ತೂರಿನಲ್ಲಿ ನಡೆದ ಸಮಾರಂಭವೊಂದರಲ್ಲಿ ಆರು ಅಡಿ ಉದ್ದ, ಐದು ಅಡಿ ಅಗಲದ ಕೇಕನ್ನು ಕತ್ತರಿಸಿ ಎರಡೂವರೆ ಸಾವಿರಕ್ಕೂ ಹೆಚ್ಚು ಜನರಿಗೆ ಹಂಚಲಾಯಿತು. ಅದರ ಮೇಲೆ ಭಾರತದ ಭೂಪಟವೂ ಅಶೋಕ ಚಕ್ರಸಹಿತವಾದ ತ್ರಿವರ್ಣವೂ ಇದ್ದವು. ಜಿಲ್ಲಾಧಿಕಾರಿಗಳು, ಪೊಲೀಸ್ ಅಧಿಕಾರಿಗಳು, ಬೇರೆ ಬೇರೆ ಮತಗಳ ಮುಖಂಡರು ಅಲ್ಲಿದ್ದರು. ಇದು ಧ್ವಜಕ್ಕಾದ ಅಪಮಾನವೆಂದು ದೂರು ದಾಖಲಾಗಿ, ವಿಷಯ ಮದರಾಸು ಉಚ್ಚ ನ್ಯಾಯಾಲಯದವರೆಗೆ ಹೋಯಿತು. 2021ರ ಮಾರ್ಚ್ ತಿಂಗಳಲ್ಲಿ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರು ತೀರ್ಪು ನೀಡಿ, ಇದು ಅಪರಾಧವಲ್ಲವೆಂದರು. ಆ ದಿನ ಕೇಕು ತಿಂದು ಹೊರಟವರ ಮನಸ್ಸಿನಲ್ಲಿ ದೇಶದ ಬಗೆಗೆ ಅಭಿಮಾನ ಮೂಡಿತ್ತೋ, ಧ್ವಜವನ್ನು ಹೀನಾಯಗೊಳಿಸಿದ ಭಾವವಿತ್ತೋ ಎಂಬುದನ್ನು ನೋಡಬೇಕು ಎಂಬುದು ಅವರ ವಿಚಾರದ ಸಾರ. ಸ್ವಾತಂತ್ರ್ಯ ದಿನದಂದು ಜನರಿಗೆ ಹಂಚುವ ಸಣ್ಣ ಧ್ವಜಗಳನ್ನು ಎಷ್ಟೋ ಮಂದಿ ಕೊನೆಯವರೆಗೆ ಜೋಪಾನ ಮಾಡುವುದಿಲ್ಲ, ಅಷ್ಟರಿಂದ ಅವರೆಲ್ಲರೂ ಅಪರಾಧಿಗಳಾಗುತ್ತಾರೆಯೇ ಎಂದೂ ಅವರು ಕೇಳಿದರು.

ಇಷ್ಟನ್ನೇ ಓದಿದವರು ವಿಷಯ ಇತ್ಯರ್ಥವಾಯಿತೆಂದು ಭಾವಿಸಬಹುದು. ಆದರೆ ಆ 1971ರ ಕಾನೂನನ್ನು ತೆರೆದು ನೋಡಿದರೆ ಕೆಲವು ಮಾತುಗಳು ಯೋಚನೆಗೆ ಹಚ್ಚುತ್ತವೆ. ರಾಷ್ಟ್ರೀಯ ಗೌರವಕ್ಕೆ ಅಪಮಾನವಾಗುವುದನ್ನು ತಡೆಯುವ ಆ ಕಾಯಿದೆಯಲ್ಲಿ ಧ್ವಜವೆಂದರೆ ಬಟ್ಟೆಯ ಧ್ವಜ ಮಾತ್ರವಲ್ಲ. ಯಾವುದೇ ವಸ್ತುವಿನಿಂದ ಮಾಡಿದ, ಯಾವುದೇ ವಸ್ತುವಿನ ಮೇಲೆ ತೋರಿಸಿದ ಅದರ ಪ್ರತಿರೂಪವೂ ಧ್ವಜವೇ. ಅಂದರೆ ಸಕ್ಕರೆಯದೂ ಸೇರಿತು. ಉದ್ದೇಶಪೂರ್ವಕ ಅಪಮಾನಕ್ಕೆ ಮೂರು ವರ್ಷಗಳವರೆಗೆ ಸೆರೆವಾಸದ ಶಿಕ್ಷೆಯುಂಟು. ಅದಕ್ಕೆ ಅನಂತರ ಸೇರಿಸಿದ ವಿವರಣೆಯಲ್ಲಿ, ಧ್ವಜವನ್ನು ಯಾವುದೇ ಬಗೆಯ ಹೊದಿಕೆಯಾಗಿ ಬಳಸುವುದನ್ನು ಅಗೌರವದ ಪಟ್ಟಿಯಲ್ಲಿ ಇರಿಸಲಾಗಿದೆ. ಒಂದೇ ಒಂದು ವಿನಾಯಿತಿ ಇದೆ: ಸರ್ಕಾರಿ ಗೌರವದ ಅಂತ್ಯಕ್ರಿಯೆ ಮತ್ತು ಸಶಸ್ತ್ರ ಪಡೆಗಳ ಅಂತ್ಯಕ್ರಿಯೆ. ಇದರ ವಿಚಾರಕ್ಕೆ ಮುಂದೆ ಮರಳಬೇಕಾಗಿದೆ.

ಅಮೆರಿಕದಲ್ಲಿ ನೆಲೆಸಿದ ಕುಟುಂಬಗಳಿಗೆ ಈ ಗೊಂದಲ ವಿಚಿತ್ರವೆನಿಸಬಹುದು. ಅಲ್ಲಿ ಜುಲೈ 4ರಂದು ಸ್ಟ್ರಾಬೆರಿ, ಬ್ಲೂಬೆರಿ ಹಣ್ಣುಗಳಿಂದ ಆ ದೇಶದ ಧ್ವಜವನ್ನು ಕೇಕಿನ ಮೇಲೆ ಬಿಡಿಸಿ ತಿನ್ನುವುದು ಮನೆಮನೆಯ ರೂಢಿ. ಅಲ್ಲಿಯ ಧ್ವಜಸಂಹಿತೆಯೂ ಧ್ವಜವನ್ನು ಹೊದಿಕೆಯಾಗಿ ಬಳಸಬಾರದೆಂದೇ ಹೇಳುತ್ತದೆ. ಆದರೆ ಅದು ಬುದ್ಧಿವಾದದ ಸ್ವರೂಪದ್ದು, ಮೀರಿದವರಿಗೆ ಶಿಕ್ಷೆಯಿಲ್ಲ. ದೇಶಾಚಾರ ಬೇರೆ, ಅಷ್ಟೆ.

ಕಾನೂನು ಬಿಟ್ಟುಕೊಟ್ಟ ಮೇಲೂ ಧರ್ಮದ ಪ್ರಶ್ನೆ ಉಳಿಯುತ್ತದೆ. ವ್ಯಾಪಾರದಲ್ಲಿರುವವರಿಗೆ ಇದು ಚೆನ್ನಾಗಿ ಗೊತ್ತು: ತೆರಿಗೆ ಅಧಿಕಾರಿ ಒಪ್ಪಿದ ಲೆಕ್ಕವೆಲ್ಲ ಮನಸ್ಸಾಕ್ಷಿ ಒಪ್ಪಿದ ಲೆಕ್ಕವಾಗಿರಬೇಕೆಂದಿಲ್ಲ. ಸಕ್ಕರೆಯ ಧ್ವಜವು ಧ್ವಜವೇ ಅಲ್ಲವೇ ಎಂಬುದಕ್ಕೆ ಜೈನಶಾಸ್ತ್ರದಲ್ಲಿ ಒಂದು ಅಳತೆಗೋಲಿದೆ. ಅದು ನಿಕ್ಷೇಪ. ತತ್ತ್ವಾರ್ಥಸೂತ್ರದ ಮೊದಲನೆಯ ಅಧ್ಯಾಯದಲ್ಲಿಯೇ ಉಮಾಸ್ವಾಮಿಗಳು ಒಂದು ವಸ್ತುವನ್ನು ನಾಮ, ಸ್ಥಾಪನೆ, ದ್ರವ್ಯ, ಭಾವ ಎಂದು ನಾಲ್ಕು ಬಗೆಯಲ್ಲಿ ಗ್ರಹಿಸಬಹುದೆಂದು ತಿಳಿಸಿದ್ದಾರೆ. ಮಗುವಿಗೆ ಮಹಾವೀರನೆಂದು ಹೆಸರಿಟ್ಟರೆ ಅದು ನಾಮ. ಶಿಲೆಯಲ್ಲಿ ‘ಇವನೇ ಅವನು’ ಎಂಬ ಬುದ್ಧಿಯನ್ನು ಇರಿಸಿದರೆ ಅದು ಸ್ಥಾಪನೆ. ಸ್ಥಾಪನೆಯಲ್ಲಿಯೂ ಎರಡು ವಿಧ. ಆಕಾರ ಹೋಲುವುದು ಒಂದು, ಹೋಲದಿರುವುದು ಇನ್ನೊಂದು. ಚದುರಂಗದ ಕಾಯಿಯನ್ನು ಆನೆಯೆನ್ನುವುದು, ಪೂಜೆಯಲ್ಲಿ ಅಕ್ಷತೆಯಲ್ಲಿ ಆವಾಹನೆ ಮಾಡುವುದು ಎರಡನೆಯದಕ್ಕೆ ಉದಾಹರಣೆ.

ಈ ದೃಷ್ಟಿಯಿಂದ ನೋಡಿದರೆ ಕಂಬದ ಮೇಲಿನ ಬಟ್ಟೆಯ ಧ್ವಜವೇ ಒಂದು ಸ್ಥಾಪನೆ. ದೇಶಕ್ಕೆ ಆ ಆಕಾರವಿಲ್ಲ, ಆ ಬಣ್ಣಗಳಿಲ್ಲ. 1947ರ ಜುಲೈ 22ರಂದು ಸಂವಿಧಾನ ಸಭೆಯು ಅದನ್ನು ಅಂಗೀಕರಿಸಿದಂದು ಇಡೀ ದೇಶ ಅದರಲ್ಲಿ ತನ್ನನ್ನು ಇರಿಸಿಕೊಂಡಿತು. ಸಕ್ಕರೆಯ ಧ್ವಜವಾದರೋ ಸ್ಥಾಪನೆಯ ಮೇಲಿನ ಸ್ಥಾಪನೆ. ಅದರಲ್ಲಿ ಏನೂ ಇಲ್ಲ, ಬರಿಯ ಸಿಹಿ ಎಂದು ಹೇಳುವ ಎರಡನೆಯ ಟ್ರಸ್ಟಿಗೆ ಒಂದು ಪ್ರಶ್ನೆ ಕೇಳಬಹುದು. ಏನೂ ಇಲ್ಲವಾದರೆ ಅದನ್ನು ನೋಡಿದೊಡನೆ ಮಕ್ಕಳು ಎದ್ದು ನಿಂತು ಜೈಕಾರ ಮಾಡಿದ್ದೇಕೆ? ಆ ತಾಯಿ 24 ಅರೆಗಳನ್ನು ಎಣಿಸಿ ಎಣಿಸಿ ಬರೆದದ್ದೇಕೆ? ಅಭಿಮಾನಕ್ಕೆ ಬೇಕಾದಾಗ ಧ್ವಜ, ಚೂರಿ ಹಾಕುವಾಗ ಸಕ್ಕರೆ ಎನ್ನುವುದು ಜಮೆಯನ್ನು ಬರೆದು ಖರ್ಚನ್ನು ಬಿಟ್ಟ ಖಾತೆಯಂತಾಗುತ್ತದೆ.

ಈ ಮಾತು ಕನ್ನಡದ ಜೈನರಿಗೆ ಹೊಸತೇನಲ್ಲ. 1209ರಲ್ಲಿ ಜನ್ನ ಕವಿ ರಚಿಸಿದ ಯಶೋಧರ ಚರಿತೆಯ ತಿರುಳೇ ಇದು. ಅವನಿಗಿಂತ ಮೊದಲೇ ಸೋಮದೇವ ಸೂರಿಗಳು ಸಂಸ್ಕೃತದಲ್ಲಿ, ಪುಷ್ಪದಂತನು ಅಪಭ್ರಂಶದಲ್ಲಿ ಈ ಕಥೆಯನ್ನು ಹೇಳಿದ್ದರು. ಉಜ್ಜಯಿನಿಯ ಅರಸ ಯಶೋಧರನಿಗೆ ರಾಣಿ ಅಮೃತಮತಿಯ ದ್ರೋಹ ತಿಳಿಯುತ್ತದೆ. ನಿಜವನ್ನು ತಾಯಿಗೆ ಹೇಳಲಾರದೆ ಕೆಟ್ಟ ಕನಸು ಕಂಡೆನೆನ್ನುತ್ತಾನೆ. ತಾಯಿ ಚಂದ್ರಮತಿ ದೇವಿಗೆ ಪ್ರಾಣಿಬಲಿ ಕೊಟ್ಟು ಶಾಂತಿ ಮಾಡಿಸು ಎನ್ನುತ್ತಾಳೆ. ಅವನು ಒಪ್ಪುವುದಿಲ್ಲ. ತಾಯಿ ಬಿಡುವುದಿಲ್ಲ. ಕೊನೆಗೆ ಇಬ್ಬರಿಗೂ ಒಪ್ಪಿಗೆಯಾಗುವ ಉಪಾಯವೆಂದು ಹಿಟ್ಟಿನಿಂದ ಕೋಳಿಯೊಂದನ್ನು ಮಾಡಿಸಿ ಅದನ್ನು ಕಡಿಯುತ್ತಾನೆ. ಜನ್ನನ ಕಾವ್ಯದಲ್ಲಿ ಆ ಹಿಟ್ಟಿನ ಕೋಳಿ ಕೂಗುತ್ತದೆ; ಅರಸನ ಕೈ ನಡುಗುತ್ತದೆ. ಆ ಒಂದು ಸಂಕಲ್ಪಹಿಂಸೆಯ ಫಲವಾಗಿ ತಾಯಿಯೂ ಮಗನೂ ನವಿಲು ಮತ್ತು ನಾಯಿಯ ಜನ್ಮಗಳಿಂದ ತೊಡಗಿ ಕೋಳಿಗಳ ಜನ್ಮದವರೆಗೆ ತಿರ್ಯಗ್ಗತಿಯಲ್ಲಿ ಅಲೆದು ನೋಯುತ್ತಾರೆ.

ಒಂದು ತೊಟ್ಟು ರಕ್ತ ಬೀಳಲಿಲ್ಲ, ಆದರೂ ಇಷ್ಟು ಶಿಕ್ಷೆಯೇ ಎಂದು ಪಾಠಶಾಲೆಯ ಮಕ್ಕಳು ಇಂದಿಗೂ ಕೇಳುವುದುಂಟು. ಉತ್ತರ ಕಥೆಯೊಳಗೇ ಇದೆ. ದೇವಿಯನ್ನು ತೃಪ್ತಿಪಡಿಸುವಾಗ ಆ ಹಿಟ್ಟನ್ನು ಅವರು ಕೋಳಿಯೆಂದೇ ಭಾವಿಸಿದರು. ದೇವಿಗೆ ಕೋಳಿಯಾಗುವಷ್ಟು ಅದು ಕೋಳಿಯಾಗಿದ್ದರೆ, ಪಾಪಕ್ಕೆ ಕೋಳಿಯಾಗುವಷ್ಟೂ ಕೋಳಿಯಾಗಿತ್ತು. ಅನೇಕ ಜೈನ ಮನೆಗಳಲ್ಲಿ ಪ್ರಾಣಿಗಳ ಆಕಾರದ ಮಿಠಾಯಿಗಳನ್ನು ಮಕ್ಕಳಿಗೆ ಕೊಡದಿರುವುದಕ್ಕೂ ಇದೇ ಕಾರಣ. ಸಂಕ್ರಾಂತಿಯ ಸಕ್ಕರೆ ಅಚ್ಚಿನಲ್ಲಿ ಬೃಂದಾವನ, ಗೋಪುರಗಳಿದ್ದರೆ ಚಿಂತೆಯಿಲ್ಲ. ಮೀನು, ಹಕ್ಕಿಗಳಿದ್ದರೆ ಹಿರಿಯರು ಬದಿಗೆ ಸರಿಸುತ್ತಾರೆ. ‘ಹಕ್ಕಿಯ ತಲೆ ಕಚ್ಚಿದೆ’ ಎಂದು ಮಗು ನಕ್ಕು ಹೇಳಬಾರದೆಂಬುದು ಅವರ ಆಸೆ.

ಹಾಗಿದ್ದರೆ ಮೊದಲನೆಯ ಟ್ರಸ್ಟಿಯ ಮಾತೇ ಗೆದ್ದಿತೇ? ಇಲ್ಲ. ಯಾವ ನಿಯಮ ಅರಸನನ್ನು ಬಂಧಿಸಿತೋ ಅದೇ ನಿಯಮ ಆ ಮಗುವನ್ನು ಬಿಡಿಸುತ್ತದೆ. ಸೋಮದೇವ ಸೂರಿಗಳು ಕೊಡುವ ಬೆಸ್ತ ಮತ್ತು ರೈತರ ದೃಷ್ಟಾಂತ ಸುಪ್ರಸಿದ್ಧವಾದುದು. ಬೆಸ್ತನ ಬಲೆಗೆ ದಿನವಿಡೀ ಒಂದು ಮೀನೂ ಬೀಳದಿದ್ದರೂ ಅವನು ಹಿಂಸೆಯಿಂದ ಮುಕ್ತನಲ್ಲ; ಉಳುವ ರೈತನ ನೇಗಿಲಿಗೆ ಜೀವಿಗಳು ಸಿಕ್ಕಿ ಸತ್ತರೂ ಅವನು ಕೊಲೆಗಾರನಲ್ಲ. ಭೇದವಿರುವುದು ಒಳಗಿನ ಅಭಿಸಂಧಿಯಲ್ಲಿ. ಯಶೋಧರನ ಕತ್ತಿಯ ಹಿಂದೆ ಕಡಿಯುವ ಸಂಕಲ್ಪವಿತ್ತು, ತನ್ನ ಜೀವಭಯವಿತ್ತು. ಮಗುವಿನ ಚೂರಿಯ ಹಿಂದೆ ಹಂಚುವ ಸಂಕಲ್ಪವಿದೆ. ಧ್ವಜವನ್ನು ಸೀಳುತ್ತೇನೆಂಬ ವಿಚಾರ ಅದರ ಮನಸ್ಸಿನಲ್ಲಿ ಸುಳಿದೂ ಇಲ್ಲ. ಮದರಾಸಿನ ನ್ಯಾಯಾಲಯ ಕಾನೂನಿನ ದಾರಿಯಲ್ಲಿ ನಡೆದು ತಲಪಿದ ಸ್ಥಳಕ್ಕೆ ಜೈನಶಾಸ್ತ್ರ ಭಾವದ ದಾರಿಯಲ್ಲಿ ಬಂದು ತಲಪುತ್ತದೆ. ಅಪಮಾನದ ಆರೋಪ ನಿಲ್ಲುವುದಿಲ್ಲ.

ಆದರೆ ಅಪಮಾನ ಮಾಡಲಿಲ್ಲ ಎಂಬಲ್ಲಿಗೆ ಶ್ರಾವಕನ ಹೊಣೆ ತೀರುವುದಿಲ್ಲ. ‘ನನ್ನ ಭಾವ ಶುದ್ಧವಾಗಿತ್ತು’ ಎಂಬ ಮಾತು ಜೈನ ಸಮಾಜದಲ್ಲಿ ಬಹಳ ಸುಲಭವಾಗಿ ಬಾಯಿಗೆ ಬರುತ್ತದೆ. ಶಾಸ್ತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ದ್ವೇಷವೊಂದನ್ನೇ ಹೇಳದೆ ಪ್ರಮಾದವನ್ನು ಮುಂದಿಟ್ಟಿರುವುದು ಇಂತಹ ಮಾತಿಗೆ ಉತ್ತರವಾಗಿಯೇ. ರೈತ ನಿರ್ದೋಷಿಯಾಗುವುದು ಅವನು ಎಚ್ಚರದಿಂದ ಉತ್ತಾಗ. ಬೇಕಾಬಿಟ್ಟಿ ಉತ್ತು, ಕಣ್ಣಿಗೆ ಕಂಡ ಗೂಡನ್ನೂ ತಪ್ಪಿಸದೆ ನೇಗಿಲು ಹರಿಸಿದವನಿಗೆ ಆ ದೃಷ್ಟಾಂತ ರಕ್ಷೆಯಾಗುವುದಿಲ್ಲ. ಆದ್ದರಿಂದ ಶುದ್ಧಭಾವದ ಕೇಕನ್ನೂ ಎಚ್ಚರದ ಕಣ್ಣಿನಿಂದ ಒಮ್ಮೆ ನೋಡಬೇಕಾಗುತ್ತದೆ.

ಮೊದಲನೆಯದು ಆ ಹೊದಿಕೆ. ಭಾರತದಲ್ಲಿ ಧ್ವಜವನ್ನು ಮೇಲಿನಿಂದ ಹೊದಿಸುವುದು ಒಂದೇ ಸಂದರ್ಭದಲ್ಲಿ, ಪಾರ್ಥಿವ ಶರೀರದ ಮೇಲೆ. ಗಡಿಯಿಂದ ಬಂದ ಪೆಟ್ಟಿಗೆಯನ್ನು ಊರಿನ ಬೀದಿಯಲ್ಲಿ ಇಳಿಸಿದಾಗ, ಅದರ ಮೇಲೆ ಮಡಿಕೆ ಮಡಿಕೆಯಾಗಿ ಇಳಿಬಿದ್ದ ತ್ರಿವರ್ಣವನ್ನು ಕಂಡ ತಾಯಂದಿರು ಈ ನಾಡಿನಲ್ಲಿದ್ದಾರೆ. 2002ರ ಜನವರಿ 26ರಿಂದ ಜಾರಿಗೆ ಬಂದ ಭಾರತದ ಧ್ವಜ ಸಂಹಿತೆಯು, ಕೇಸರಿ ಪಟ್ಟಿ ತಲೆಯ ಕಡೆಗಿರಬೇಕು ಎಂಬಲ್ಲಿಯವರೆಗೆ ಆ ಹೊದಿಕೆಯ ಕ್ರಮವನ್ನು ಹೇಳುತ್ತದೆ. ಆಯತಾಕಾರದ ಕೇಕು, ಅದರ ಮೇಲೆ ನಾಲ್ಕು ಕಡೆಗೂ ಇಳಿಬಿದ್ದ ಸಕ್ಕರೆಯ ಧ್ವಜ. ಮಾಡಿದವಳಿಗೆ ಅದು ಹೊಳೆದಿರಲಿಕ್ಕಿಲ್ಲ. ಅಂತಹ ಮನೆಯ ಒಬ್ಬರು ಆ ಮೇಜಿನ ಮುಂದೆ ಬಂದು ನಿಂತರೆ ಅವರಿಗೆ ಹೊಳೆಯದೆ ಇರಲಾರದು. ಕೋಲಿಗೆ ಕಟ್ಟಿದ ಧ್ವಜ ಹಾರುವುದನ್ನು ತೋರಿಸುವ ಅಲಂಕಾರಕ್ಕೂ ಹೊದಿಸಿದ ಧ್ವಜದ ಅಲಂಕಾರಕ್ಕೂ ಇರುವ ಅಂತರ ದೊಡ್ಡದು. ಈ ಒಂದು ಕಾರಣವೇ, ಕಾನೂನು ಏನೇ ಹೇಳಲಿ, ಹೊದಿಕೆಯ ಶೈಲಿಯನ್ನು ಬಿಡಲು ಸಾಕಾಗಬೇಕು.

ಎರಡನೆಯದನ್ನು ಒಂದು ಪರೀಕ್ಷೆಯಾಗಿ ಇಡಬಹುದು. ಭಗವಾನ್ ಮಹಾವೀರರ 2500ನೆಯ ನಿರ್ವಾಣ ಮಹೋತ್ಸವದ ಸಂದರ್ಭದಲ್ಲಿ, 1974-75ರಲ್ಲಿ, ಜೈನರ ಎಲ್ಲ ಪಂಗಡಗಳೂ ಕೂಡಿ ಪಂಚವರ್ಣದ ಧ್ವಜವೊಂದನ್ನು ಒಪ್ಪಿಕೊಂಡವು. ನಡುವೆ ಸ್ವಸ್ತಿಕ, ಮೂರು ಬಿಂದು, ಅರ್ಧಚಂದ್ರಾಕೃತಿಯ ಸಿದ್ಧಶಿಲೆ. ಮಹಾವೀರ ಜಯಂತಿಯ ದಿನ ಆ ಧ್ವಜವನ್ನೇ ಕೇಕಿನ ಮೇಲೆ ಹೊದಿಸಿ, ಸಿದ್ಧಶಿಲೆಯ ನಡುವೆ ಚೂರಿ ಇಳಿಸಿ, ಕಾಗದದ ತಟ್ಟೆಗಳಲ್ಲಿ ಹಂಚಿದರೆ ಬಸದಿಯ ಎಷ್ಟು ಜನ ಸುಮ್ಮನಿರುತ್ತಾರೆ? ಹೆಚ್ಚಿನವರಿಗೆ ಮೈ ಜುಮ್ಮೆನ್ನುತ್ತದೆ. ಒಂದು ಧ್ವಜಕ್ಕೆ ಜುಮ್ಮೆಂದ ಮೈ ಇನ್ನೊಂದಕ್ಕೆ ಏಕೆ ಎನ್ನಲಿಲ್ಲ ಎಂಬುದನ್ನು ಪ್ರತಿಯೊಬ್ಬರೂ ತಮ್ಮೊಳಗೇ ವಿಚಾರಿಸಬೇಕಾದ್ದು.

ಇಲ್ಲಿ ಒಂದು ಸೂಕ್ಷ್ಮವನ್ನೂ ಹೇಳಬೇಕು. ಪೂಜ್ಯವಾದುದನ್ನು ತಿನ್ನುವುದೇ ಅಗೌರವ ಎಂಬುದು ಎಲ್ಲರ ಭಾವನೆಯಲ್ಲ. ನೆರೆಹೊರೆಯ ವೈದಿಕ ಮನೆಗಳಲ್ಲಿ ದೇವರಿಗೆ ಅರ್ಪಿಸಿದ್ದು ಪ್ರಸಾದವಾಗಿ ಬಾಯಿಗೆ ಬರುತ್ತದೆ. ತಿನ್ನುವುದೇ ಅಲ್ಲಿ ಗೌರವ. ಜಿನಪೂಜೆಯ ಸಂಸ್ಕಾರದಲ್ಲಿ ಬೆಳೆದವರಿಗಾದರೋ ಭಗವಂತನ ಮುಂದೆ ಅರ್ಪಿಸಿದ್ದು ನಿರ್ಮಾಲ್ಯ, ಅದನ್ನು ಸ್ವಂತಕ್ಕೆ ಬಳಸುವುದು ದೋಷ. ಆದ್ದರಿಂದ ಜೈನ ಹಿರಿಯರಿಗೆ ಧ್ವಜದ ಕೇಕು ಕಸಿವಿಸಿಯೆನಿಸಿದರೆ ಅದರಲ್ಲಿ ಅವರ ದೇಶಭಕ್ತಿಗಿಂತ ಹೆಚ್ಚಾಗಿ ಅವರ ಬಸದಿಯ ಸಂಸ್ಕಾರ ಕೆಲಸ ಮಾಡುತ್ತಿರಬಹುದು. ತನ್ನ ಸಂಸ್ಕಾರವನ್ನು ಇಡೀ ದೇಶದ ಕಾನೂನೆಂದು ತಿಳಿಯಬಾರದಷ್ಟೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ, ಮತ್ತು ಆ ದಿನದ ಸಭೆಯಲ್ಲಿ ಇಬ್ಬರು ಹಿರಿಯರೂ ಎತ್ತದೆ ಬಿಟ್ಟದ್ದು. ಫಾಂಡೆಂಟಿಗೆ ಅಂಟು ಕೊಡುವ ಪದಾರ್ಥ ಅನೇಕ ತಯಾರಿಕೆಗಳಲ್ಲಿ ಜಿಲೆಟಿನ್. ಅದು ದನ, ಹಂದಿ ಮೊದಲಾದ ಪ್ರಾಣಿಗಳ ಚರ್ಮ ಮತ್ತು ಮೂಳೆಗಳನ್ನು ಬೇಯಿಸಿ ತೆಗೆಯುವ ವಸ್ತು. ಮೆತ್ತನೆಯ ಮಾರ್ಷ್‌ಮ್ಯಾಲೊ ಮಿಠಾಯಿಯನ್ನು ಕರಗಿಸಿ ಮನೆಯಲ್ಲಿ ಮಾಡುವ ಫಾಂಡೆಂಟಿನಲ್ಲಿಯೂ ಸಾಮಾನ್ಯವಾಗಿ ಅದೇ ಇರುತ್ತದೆ. ಗ್ಲಿಸರಿನ್ ಸಸ್ಯಮೂಲದ್ದೂ ಇರಬಹುದು, ಪ್ರಾಣಿಯ ಕೊಬ್ಬಿನದೂ ಇರಬಹುದು. ಕೆಲವು ಕೆಂಪು ಬಣ್ಣಗಳು ಕೊಚಿನೀಲ್ ಎಂಬ ಕೀಟವನ್ನು ಒಣಗಿಸಿ ಅರೆದು ಮಾಡಿದವು. ಪೊಟ್ಟಣದ ಮೇಲೆ ಅವುಗಳ ಗುರುತು ಇ120. ಕೇಕಿಗೆ ಮೊಟ್ಟೆ ಹಾಕಿಲ್ಲ ಎಂಬ ಬೇಕರಿಯ ಫಲಕವನ್ನು ಓದಿ ನಿಶ್ಚಿಂತರಾಗುವ ಶ್ರಾವಕರು ಬಹಳ ಮಂದಿ. ಆ ಫಲಕ ಮೊಟ್ಟೆಯ ವಿಷಯವನ್ನಷ್ಟೇ ಹೇಳುತ್ತದೆ. ಅದರ ಮೇಲೆ ಹೊದಿಸಿದ ಸಕ್ಕರೆ ಯಾವುದರಿಂದ ಅಂಟಿಕೊಂಡಿದೆ ಎಂಬುದನ್ನು ಹೇಳುವುದಿಲ್ಲ.

ಹಿಟ್ಟಿನ ಕೋಳಿಯಲ್ಲಿ ಜೀವವಿರಲಿಲ್ಲ, ಸಂಕಲ್ಪವಿತ್ತು. ಜಿಲೆಟಿನ್ ಬೆರೆತ ಧ್ವಜದಲ್ಲಿ ಕೊಲ್ಲುವ ಸಂಕಲ್ಪವಿಲ್ಲ, ಆದರೆ ಕೊಂದ ಜೀವದ ಅಂಶವಿದೆ. ಧ್ವಜದ ನಡುವೆ ಇರುವುದು ಧರ್ಮಚಕ್ರ. ಸಾರನಾಥದ ಅಶೋಕ ಸ್ತಂಭದಿಂದ ಬಂದದ್ದು. ಯುದ್ಧದಲ್ಲಿ ಸತ್ತವರನ್ನು ಎಣಿಸಿ ಮರುಗಿದ, ತನ್ನ ಅಡುಗೆಮನೆಯಲ್ಲಿ ನಡೆಯುತ್ತಿದ್ದ ಪ್ರಾಣಿವಧೆಯನ್ನು ಬಹುಮಟ್ಟಿಗೆ ನಿಲ್ಲಿಸಿದೆನೆಂದು ಶಾಸನ ಬರೆಸಿದ ಅರಸನ ಚಕ್ರ ಅದು. ಅದನ್ನು ಹಂದಿಯ ಚರ್ಮದ ಅಂಟಿನ ಮೇಲೆ ಬರೆದು ಬಸದಿಯ ಅಂಗಳದಲ್ಲಿ ಇಡುವುದಾದರೆ, ಚೂರಿ ಹಾಕಿದಾಗ ಧ್ವಜಕ್ಕೆ ಅಪಮಾನವಾಯಿತೋ ಇಲ್ಲವೋ ಎಂಬ ವಾದವೇ ಅಪ್ರಸ್ತುತವಾಗುತ್ತದೆ.

ಪರಿಹಾರ ಕಷ್ಟದ್ದೇನಲ್ಲ. ಕಡಲಪಾಚಿಯಿಂದ ಮಾಡಿದ ಅಗರ್ ಅಗರ್, ಗಿಡದ ಗೋಂದು, ಸಸ್ಯಜನ್ಯವಾದ ಸಿ.ಎಂ.ಸಿ. ಪುಡಿ ಇವುಗಳಿಂದ ಕಟ್ಟಿದ ಫಾಂಡೆಂಟ್ ದೊರೆಯುತ್ತದೆ. ಭಾರತದಲ್ಲಿ ಮಾರಾಟವಾಗುವ ಅನೇಕ ಪೊಟ್ಟಣಗಳ ಮೇಲೆ ಹಸಿರು ಚುಕ್ಕೆಯೇ ಇರುತ್ತದೆ. ಚುಕ್ಕೆಯನ್ನು ನೋಡಿ, ಪದಾರ್ಥಗಳ ಪಟ್ಟಿಯನ್ನೂ ಓದಿ ಕೊಳ್ಳಬೇಕು. ಬಿಡಿಯಾಗಿ ಕೊಳ್ಳುವಲ್ಲಿ ಬೇಕರಿಯವರನ್ನು ಸಂಕೋಚವಿಲ್ಲದೆ ಕೇಳಬೇಕು. ಕೇಳಿದರೆ ಬೇಸರಿಸುವ ವ್ಯಾಪಾರಿಯಿಂದ ಕೊಳ್ಳದಿದ್ದರಾಯಿತು. ಟ್ರಸ್ಟುಗಳು ಸಮಾರಂಭಕ್ಕೆ ತಿಂಡಿ ತರಿಸುವಾಗ ಬೆಲೆಯನ್ನು ಮೂರು ಕಡೆ ವಿಚಾರಿಸುತ್ತವೆ. ಪದಾರ್ಥವನ್ನು ಒಂದು ಕಡೆಯಾದರೂ ವಿಚಾರಿಸಬಹುದು. ಆಗಸ್ಟ್ 15 ಯಾವ ವರ್ಷವೂ ಚಾತುರ್ಮಾಸದ ಒಳಗೇ ಬರುತ್ತದೆಂಬುದೂ ನೆನಪಿನಲ್ಲಿರಬೇಕು. ದೀಪ ಹಚ್ಚಿದ ಮೇಲೆ ಕೇಕು ಕತ್ತರಿಸುವ ಹೊಸ ರೂಢಿಯ ಬಗೆಗೆ ಬೇರೆ ಹೇಳುವ ಅಗತ್ಯವಿಲ್ಲ.

ಇನ್ನು ಎದ್ದು ನಿಂತು ತಡೆದ ಹಿರಿಯರ ವಿಷಯ. ಅವರ ಕಳಕಳಿ ಸುಳ್ಳಲ್ಲ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಸಂಘದ ಹೆಣ್ಣುಮಕ್ಕಳು ನೂಲು, ಬಣ್ಣ, ಹೊಲಿಗೆ, ಅಳತೆ ಪ್ರತಿಯೊಂದನ್ನೂ ನಿಯಮಕ್ಕೆ ಸರಿಯಾಗಿ ಹೊಂದಿಸಿ ರಾಷ್ಟ್ರಧ್ವಜವನ್ನು ಹೊಲಿಯುವುದನ್ನು ಕಂಡವರಿಗೆ, ಸಿಕ್ಕಸಿಕ್ಕಲ್ಲಿ ತ್ರಿವರ್ಣ ಬಳಿಯುವುದು ನೋವುಂಟುಮಾಡುತ್ತದೆ. 2021ರ ಡಿಸೆಂಬರ್ 30ರ ತಿದ್ದುಪಡಿಯಿಂದ ಯಂತ್ರದಲ್ಲಿ ಮಾಡಿದ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ದೊರೆತಾಗ ಧ್ವಜ ಅಗ್ಗವಾಯಿತು, ಅದರೊಡನೆ ಎಚ್ಚರವೂ ಕೊಂಚ ಅಗ್ಗವಾಯಿತೆಂದರೆ ತಪ್ಪಾಗಲಾರದು. ಆದರೂ ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನವೆಂಬುದೊಂದಿದೆ. ತಿಳಿಯದೆ ತಪ್ಪಿದವರ ದೋಷವನ್ನು ಬಯಲಿಗೆಳೆಯದೆ ಮರೆಮಾಡಿ, ಏಕಾಂತದಲ್ಲಿ ತಿದ್ದುವುದು ಅದರ ರೀತಿ. ಎರಡು ದಿನ ನಿದ್ರೆಗೆಟ್ಟು ದೇಶದ ಮೇಲಿನ ಪ್ರೀತಿಯಿಂದ ಕೇಕು ಮಾಡಿದವಳನ್ನು ಮಕ್ಕಳ ಮುಂದೆ ದೇಶವನ್ನು ಅವಮಾನಿಸಿದವಳೆಂದು ಕರೆದಾಗ, ನೋಯಿಸಿದ್ದು ಒಂದು ನಿಜವಾದ ಜೀವವನ್ನು. ಸಕ್ಕರೆಗೆ ನೋವಾಗುವುದಿಲ್ಲ, ಅವಳಿಗೆ ಆಯಿತು. ಪೊಲೀಸ್ ಠಾಣೆಗೆ ದೂರು ಒಯ್ಯುವ ಮಟ್ಟಕ್ಕೆ ಹೋದವರಂತೂ ತಮ್ಮ ಕೋಪವನ್ನೂ ಮಾನಕಷಾಯವನ್ನೂ ಮೊದಲು ತೂಗಿ ನೋಡಬೇಕು.

ಆ ಪಾಠಶಾಲೆಯ ಸಂದರ್ಭವನ್ನು ಹಾಗೆಯೇ ಮುಂದುವರಿಸುವುದಾದರೆ, ಹಿರಿಯರು ಆ ಹೆಣ್ಣುಮಗಳನ್ನು ಪಕ್ಕಕ್ಕೆ ಕರೆದು, ‘ತಾಯಿ, ನಿನ್ನ ಕೆಲಸ ಬಹಳ ಚೆನ್ನಾಗಿದೆ. ಚೂರಿ ಹಾಕುವ ಮೊದಲು ಧ್ವಜವನ್ನು ಮಾತ್ರ ಎತ್ತಿಟ್ಟುಬಿಡೋಣ’ ಎಂದಿದ್ದರೆ ಸಾಕಾಗಿತ್ತು. ಧ್ವಜ ಸಂಹಿತೆಯೇ ಇದಕ್ಕೆ ದಾರಿ ತೋರಿಸಿದೆ. ಯೋಧನ ಪೆಟ್ಟಿಗೆಯ ಮೇಲೆ ಹೊದಿಸಿದ ಧ್ವಜವನ್ನು ಮಣ್ಣಿಗೆ ಇಳಿಸುವಂತಿಲ್ಲ, ಚಿತೆಯಲ್ಲಿ ಸುಡುವಂತಿಲ್ಲ. ಅದಕ್ಕೂ ಮೊದಲೇ ಅದನ್ನು ತೆಗೆಯುತ್ತಾರೆ. ಒಣಗಿ ಗಟ್ಟಿಯಾದ ಫಾಂಡೆಂಟ್ ಒಂದು ತೆಳುವಾದ ಹಲಗೆಯ ಮೇಲೆ ಕುಳಿತಿದ್ದರೆ ಇಡಿಯಾಗಿ ಎದ್ದು ಬರುತ್ತದೆ. ಮುಂದಿನ ವರ್ಷಕ್ಕೆ ಹೊದಿಕೆಯನ್ನು ಬಿಟ್ಟು, ಪುಟ್ಟ ಕೋಲಿನ ಮೇಲೆ ಹಾರುವಂತೆ ರಚಿಸಬಹುದು. ಅಥವಾ ಧ್ವಜದ ಆಕಾರವನ್ನೇ ಕೈಬಿಟ್ಟು, ಕೇಸರಿ ಪೇಡ, ಬಿಳಿಯ ಬರ್ಫಿ, ಪಿಸ್ತದ ಮಿಠಾಯಿಗಳನ್ನು ಮೂರು ತಟ್ಟೆಗಳಲ್ಲಿಟ್ಟರೆ ನೋಡಿದವರಿಗೆಲ್ಲ ಅರ್ಥವಾಗುತ್ತದೆ.

ತೆಗೆದಿಟ್ಟ ಸಕ್ಕರೆಯ ಧ್ವಜವನ್ನು ಏನು ಮಾಡಬೇಕೆಂದು ಅವಳು ಖಂಡಿತ ಕೇಳುತ್ತಾಳೆ, ಕೇಳಬೇಕಾದ ಪ್ರಶ್ನೆಯೂ ಹೌದು. ಕಸದ ಬುಟ್ಟಿಗೆ ಹಾಕುವುದು ಸಲ್ಲದು. ಬಟ್ಟೆಯ ಧ್ವಜ ಹರಿದರೆ ಮರೆಯಲ್ಲಿ ಗೌರವದಿಂದ ಇಡಿಯಾಗಿ ಸುಡಬೇಕೆಂದು ಸಂಹಿತೆ ಹೇಳುತ್ತದೆ, ಸಕ್ಕರೆಯನ್ನು ಸುಡಲಾಗದು. ಪಾತ್ರೆಯ ನೀರಿನಲ್ಲಿ ಇಡಿಯಾಗಿ ಮುಳುಗಿಸಿದರೆ ಒಂದೆರಡು ಗಂಟೆಗಳಲ್ಲಿ ಮೂರು ಬಣ್ಣಗಳೂ ಚಕ್ರವೂ ಒಟ್ಟಿಗೆ ಕರಗಿ ಹೋಗುತ್ತವೆ. ಆ ನೀರನ್ನು ಅಂಗಳದ ಗಿಡದ ಬುಡಕ್ಕೆ ಮಾತ್ರ ಸುರಿಯಬಾರದು. ಸಂಜೆಯೊಳಗೆ ಇರುವೆಗಳು ಸಾಲುಗಟ್ಟುತ್ತವೆ, ಮರುದಿನ ಕಸ ಗುಡಿಸುವವರ ಪೊರಕೆಗೆ ಸಿಕ್ಕಿ ಸಾಯುತ್ತವೆ. ಹೆಚ್ಚು ನೀರು ಬೆರೆಸಿ ತೆಳುವಾಗಿಸಿ, ಕಾಲು ತುಳಿಯದ ಕಡೆ ಹರಿಯಬಿಡಬೇಕು.